ಕಬಡ್ಡಿ ಮಾಸ್ಟ್ರು ತಾವೇ ಹೇಳಿದರು

ನಲವತ್ತು ವರ್ಷದಿಂದ ಅವರು ಮುಂಬೈಯ ದಾದರ್ ಸ್ಟೇಷನ್‌ನಲ್ಲಿ ಗಾಡಿ ಬದಲಿಸುತ್ತಿದ್ದರು. ಡೊಂಬಿವಲಿಯಿಂದ ಸೆಂಟ್ರಲ್ ಲೈನ್, ಆಮೇಲೆ ಬ್ರಿಜ್ ಹತ್ತಿ ವೆಸ್ಟರ್ನ್ ಕಡೆ ಇಳಿದು ಗೋರೆಗಾಂವ್‌ಗೆ. ಕಳೆದ ವರ್ಷ ಒಂದು ಸಂಜೆ ಆ ಬ್ರಿಜ್ ಮೇಲೆ ನಿಂತುಬಿಟ್ಟರು. ಯಾವ ಮೆಟ್ಟಿಲು ಇಳಿಯಬೇಕು ಅಂತಲೇ ಹೊಳೆಯಲಿಲ್ಲ. ಮುಕ್ಕಾಲು ಗಂಟೆ ಕಂಬಿ ಹಿಡಿದು ನಿಂತಿದ್ದರಂತೆ. ಕೊನೆಗೆ ಮಗಳು ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿ ಮನೆಗೆ ಕರೆಸಿಕೊಂಡಳು.

ಅವರು ಕಬಡ್ಡಿ ಕೋಚ್. ವಯಸ್ಸು 67. ಹುಡುಗನಾಗಿದ್ದಾಗಲೇ ದಕ್ಷಿಣ ಕನ್ನಡದಿಂದ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದವರು. ನೌಕರಿ ಸಿಕ್ಕಿದ್ದೂ ಆಟದಿಂದಲೇ. ನಾನು ಅವರನ್ನು ನೋಡುವ ಡಾಕ್ಟರು, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ದಾದರ್ ಬ್ರಿಜ್ ಮೊದಲ ಸೂಚನೆ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಟೂರ್ನಮೆಂಟಿಗೆ ತಂಡದ ಹೆಸರು ಕೊಟ್ಟು, ಆ ದಿನ ತಾವೇ ಹೋಗಿರಲಿಲ್ಲ. ಒಂದೇ ಕಸರತ್ತನ್ನು ಹುಡುಗರಿಂದ ಮೂರು ಸಲ ಮಾಡಿಸುತ್ತಿದ್ದರು. ಮನೆಯವರು ಸುಮ್ಮನಿದ್ದರು. ಯಾಕೆ ಗೊತ್ತಾ? ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತಿದೆಯಲ್ಲ, ಅದಕ್ಕೆ. ಈ ಗಾದೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ (ನೆನಪು, ಯೋಚನೆಯ ಶಕ್ತಿ ಕುಗ್ಗುತ್ತಾ ಹೋಗುವ ತೊಂದರೆ) ಇರುವವರು ಶೇ 7.4. ಅಂದರೆ ಸುಮಾರು 88 ಲಕ್ಷ ಜನ. ಸಂಖ್ಯೆ ದೊಡ್ಡದೇ. ಆದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದು ಇಲ್ಲ ಅಲ್ವಾ? ಹಾಗಾದರೆ ಇದು ವಯಸ್ಸಿನ ಸಹಜ ಗುಣ ಹೇಗಾದೀತು? ಇದು ಮೆದುಳಿನ ಕಾಯಿಲೆ.

ಪರಿಚಯದವರ ಹೆಸರು ತಟ್ಟನೆ ಬಾಯಿಗೆ ಬರದೆ, ರಾತ್ರಿ ಮಲಗುವಾಗ ನೆನಪಾದರೆ ಹೆದರಬೇಡಿ. ದಿನಾ ನಡೆದ ದಾರಿ ತಪ್ಪಿದರೆ, ಬೆಳಿಗ್ಗೆ ಆಡಿದ ಮಾತು ಆಡಿದ್ದೇ ಇಲ್ಲ ಎನ್ನುವಂತಾದರೆ, ಲೆಕ್ಕಪತ್ರ ಕೈ ತಪ್ಪುತ್ತಿದ್ದರೆ ಡಾಕ್ಟರ ಹತ್ತಿರ ಬನ್ನಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆ ಮಾತ್ರೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಪರಿಹಾರ ಇದೆ. ಅದಕ್ಕೇ ಮೊದಲು ರಕ್ತ ಪರೀಕ್ಷೆ, ಎಂಆರ್‌ಐ ಮಾಡಿಸುತ್ತೇವೆ.

ಮುಂಬೈ ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ನೆನಪಿನ ಪರೀಕ್ಷೆ ನಿಮ್ಮ ಭಾಷೆಯಲ್ಲಿ ಆಗಲಿ. ಮಾಸ್ಟ್ರನ್ನು ಮೊದಲು ನೋಡಿದ ಕಡೆ ಮರಾಠಿಯಲ್ಲಿ ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳಲು ಕೇಳಿದ್ದರು. ಅವರಿಗೆ ಮರಾಠಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದು ಮೈದಾನದ ಮರಾಠಿ. ಅವರು ಅಕ್ಷರ ಕಲಿತದ್ದು ಕನ್ನಡದಲ್ಲಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಕೇಳಿ ಮಾಡಿಸಿಕೊಳ್ಳಿ. ಕನ್ನಡದಲ್ಲಿ ಅವರ ಅಂಕ ಸ್ವಲ್ಪ ಏರಿತು. ಆದರೂ ಉತ್ತರ ಬದಲಾಗಲಿಲ್ಲ. ಆಲ್ಝೈಮರ್ ಕಾಯಿಲೆ, ಆರಂಭದ ಹಂತ. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣ ಇದೇ.

ಅವರ ಹೆಂಡತಿ ಮೊದಲು ಹೇಳಿದ್ದು, “ಮಗಳ ಮದುವೆ ಆಗುವ ತನಕ ಯಾರಿಗೂ ಗೊತ್ತಾಗುವುದು ಬೇಡ ಡಾಕ್ಟ್ರೇ.” ಈ ಮಾತನ್ನು ನಾನು ತುಂಬಾ ಮನೆಗಳಿಂದ ಕೇಳಿದ್ದೇನೆ. ಆ ತಾಯಿಯ ಭಯ ಸುಳ್ಳಲ್ಲ. ಆದ್ದರಿಂದ ಬಿಡಿಸಿ ಹೇಳಿದೆ. ಒಂದೇ ಜೀನ್‌ನಿಂದ ಮಕ್ಕಳಿಗೆ ನೇರವಾಗಿ ಬರುವ ಆಲ್ಝೈಮರ್ ಬಹಳ ಅಪರೂಪ. ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸುತ್ತದೆ. ಉಳಿದಂತೆ ತಂದೆಗೆ ಇದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ಬಂದೇ ಬರುತ್ತದೆ ಎಂದಲ್ಲ.

ಮಾಸ್ಟ್ರು ಅಷ್ಟು ಹೊತ್ತೂ ನೆಲ ನೋಡುತ್ತಿದ್ದರು. ಅವರಿಗೆ ನಾನು ಪ್ಯಾಟ್ ಸಮಿಟ್ ಬಗ್ಗೆ ಹೇಳಿದೆ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ಕೋಚ್. 1974ರಿಂದ ಅಲ್ಲೇ ಇದ್ದವರು. ಎಂಟು ರಾಷ್ಟ್ರೀಯ ಪ್ರಶಸ್ತಿ, 1,098 ಗೆಲುವು. 2011ರ ಆಗಸ್ಟ್‌ನಲ್ಲಿ, ತಮ್ಮ 59ನೇ ವಯಸ್ಸಿನಲ್ಲಿ, ತಮಗೆ ಆಲ್ಝೈಮರ್ ಇದೆ ಎಂದು ತಾವೇ ಎಲ್ಲರಿಗೂ ತಿಳಿಸಿದರು. ಮನೆಗೆ ಹೋಗಿ ಕೂರಲಿಲ್ಲ. ಇನ್ನೊಂದು ಸೀಸನ್ ತಂಡದ ಜೊತೆ ಇದ್ದರು. ಹೆಚ್ಚಿನ ಕೆಲಸವನ್ನು ಬಹಳ ಕಾಲದ ಸಹಾಯಕ ಕೋಚ್ ಹಾಲಿ ವಾರ್ಲಿಕ್ ಹೊತ್ತರು. 2012ರ ಏಪ್ರಿಲ್‌ನಲ್ಲಿ ಹುದ್ದೆಯನ್ನು ಅವರಿಗೇ ಬಿಟ್ಟುಕೊಟ್ಟರು. ಸಮಿಟ್ ತೀರಿಕೊಂಡದ್ದು 2016ರಲ್ಲಿ, 64ನೇ ವಯಸ್ಸಿನಲ್ಲಿ. ಇದನ್ನೂ ನಾನು ಮುಚ್ಚಿಡಲಿಲ್ಲ.

ಮಾಸ್ಟ್ರು ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ. “ಆ ಕಡೇ ವರ್ಷ ಟೀಮು ಗೆದ್ದಿತಾ?”

27 ಪಂದ್ಯ ಗೆದ್ದರು, 9 ಸೋತರು ಎಂದೆ. “ಅಡ್ಡಿಲ್ಲ,” ಎಂದರು.

ಸಮಿಟ್ ಅವರಿಗೆ ದೊಡ್ಡ ವಿಶ್ವವಿದ್ಯಾಲಯದ ಬೆಂಬಲ ಇತ್ತು. ನಮ್ಮ ಮಾಸ್ಟ್ರಿಗೆ ಇದ್ದದ್ದು ಬಾಡಿಗೆ ಮೈದಾನ, ಇಪ್ಪತ್ತೆರಡು ಹುಡುಗರು, ಒಬ್ಬ ಹಳೆಯ ಶಿಷ್ಯ. ಎಲ್ಲರಿಗೂ ಹೇಳಿಬಿಡಿ ಎಂದು ನಾನು ಯಾವ ರೋಗಿಗೂ ಒತ್ತಾಯ ಮಾಡುವುದಿಲ್ಲ. ಯಾರಿಗೆ, ಯಾವಾಗ ಎನ್ನುವುದು ಅವರ ಹಕ್ಕು. ಆದರೆ ಮಕ್ಕಳ ಹೊಣೆ ಹೊತ್ತವರು ಕೊನೇ ಪಕ್ಷ ಜೊತೆ ಕೆಲಸ ಮಾಡುವವರಿಗಾದರೂ ಹೇಳಲೇಬೇಕು. ಹೊರಗಿನ ಪಂದ್ಯಕ್ಕೆ ಹೋದಾಗ ಹುಡುಗರನ್ನು ಎಣಿಸಿ ವಾಪಸ್ ಕರೆತರುವವರು ಬೇಕಲ್ಲ. ಇನ್ನೊಂದು ವಿಷಯ, ಈ ಕಾಯಿಲೆಯಲ್ಲಿ ತನ್ನ ಬಗ್ಗೆ ತಾನೇ, ತನ್ನದೇ ಮಾತಿನಲ್ಲಿ ಹೇಳಿಕೊಳ್ಳುವ ಶಕ್ತಿ ಇರುವುದು ಆರಂಭದಲ್ಲೇ. ಆ ಕಾಲವನ್ನೆಲ್ಲ ಮುಚ್ಚಿಡುವುದರಲ್ಲೇ ಕಳೆದರೆ, ಆಮೇಲೆ ಅವರ ಪರವಾಗಿ ಬೇರೆ ಯಾರೋ ಮಾತಾಡುತ್ತಾರೆ.

“ಎಷ್ಟು ದಿನ ಅಂತ ಮುಚ್ಚಿಡ್ಲಿಕ್ಕೆ ಆಗ್ತದೆ? ಹೇಳಿಬಿಡುವಾ,” ಎಂದರು ಎರಡು ವಾರ ಬಿಟ್ಟು. ಒಂದು ಭಾನುವಾರ ಮೈದಾನದಲ್ಲೇ ಹುಡುಗರನ್ನೂ ಅಪ್ಪ ಅಮ್ಮಂದಿರನ್ನೂ ಕೂರಿಸಿ ಹೇಳಿದರು. ಅವರು ಕೇಳಿದ್ದಕ್ಕೆ ನಾನೂ ಹೋಗಿದ್ದೆ. ಚೀಟಿಯಲ್ಲಿ ನಾಲ್ಕು ಸಾಲು ಬರೆದು ತಂದಿದ್ದರು. ಅದನ್ನು ನೋಡದೇ ಹೇಳಿದರು. ಒಬ್ಬ ತಾಯಿ ಎದ್ದು, ಹಾಗಾದರೆ ಇನ್ನು ಕಲಿಸುವುದು ಹೇಗೆ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮಾಸ್ಟ್ರು ಉತ್ತರ ಕೊಡಲಿಲ್ಲ. ಒಬ್ಬ ಹುಡುಗನನ್ನು ರೈಡ್‌ಗೆ ಕರೆದು, ಮಂಡಿಯೂರಿ ಅವನ ಆಂಕಲ್ (ಪಾದದ ಗಂಟು) ಹಿಡಿದರು. 67ರ ಕೈ. ಹುಡುಗನಿಗೆ ಅಲ್ಲಾಡಲಿಕ್ಕೆ ಆಗಲಿಲ್ಲ.

ಅದು ಹೇಗೆ ಎಂದು ಅಲ್ಲಿ ನಾನು ವಿವರಿಸಬೇಕಾಯಿತು. ಎಲ್ಲ ನೆನಪೂ ಒಂದೇ ಜಾಗದಲ್ಲಿ ಇರುವುದಿಲ್ಲ. ನಿನ್ನೆ ಏನಾಯಿತು, ನಾಳೆ ಎಲ್ಲಿಗೆ ಹೋಗಬೇಕು ಎಂಬಂಥ ಹೊಸ ನೆನಪು ಕೂಡಿಡುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗ. ಆಲ್ಝೈಮರ್ ಹೆಚ್ಚಾಗಿ ಮೊದಲು ಹೊಡೆಯುವುದು ಅದಕ್ಕೆ. ಸೈಕಲ್ ತುಳಿಯುವುದು, ರೈಡರ್‌ನ ಕಾಲು ಹಿಡಿಯುವುದು ಇಂಥ ಕೈ ಪಳಗಿದ ವಿದ್ಯೆ ಮೆದುಳಿನ ಬೇರೆ ಭಾಗಗಳಲ್ಲಿ ಕೂತಿರುತ್ತದೆ. ಅವು ಬಹಳ ಕಾಲ ಉಳಿಯುತ್ತವೆ. ಇದು ಗೊತ್ತಿಲ್ಲದೆ ಮನೆಯವರು, “ಆಟ ನೆನಪಿದೆ, ಔಷಧಿ ತಗೊಳ್ಳೋದು ಮಾತ್ರ ಮರೆಯುತ್ತಾ? ಬೇಕಂತಲೇ ಮಾಡ್ತಾರೆ” ಎಂದು ರೇಗುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಎರಡೂ ನಿಜ, ಒಂದೇ ತಲೆಯಲ್ಲಿ.

ಔಷಧಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊನೆಪೆಜಿಲ್‌ನಂಥ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತದೆ. ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅದಕ್ಕಿಂತ ಅವಸರದ್ದು ಬ್ಯಾಂಕಿನ ಕೆಲಸ. ಪವರ್ ಆಫ್ ಅಟಾರ್ನಿ ಬರೆಸಿಟ್ಟರೆ ಮುಗಿಯಿತು ಎಂದು ತುಂಬಾ ಜನ ನಂಬಿದ್ದಾರೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಆದ್ದರಿಂದ ಜಂಟಿ ಖಾತೆ, ನಾಮಿನಿ, ಉಯಿಲು ಎಲ್ಲವನ್ನೂ ವಕೀಲರನ್ನು ಕೇಳಿ ಆರಂಭದಲ್ಲೇ ಮುಗಿಸಿ. ತನಗೆ ಮುಂದೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವಕಾಶ ಇದೆ. ಮಾಸ್ಟ್ರು ತಾವೇ ಕೂತು ಬರೆಸಿದರು.

ಈಗ ಸೀಟಿ, ಫೀಸಿನ ಲೆಕ್ಕ, ಟೂರ್ನಮೆಂಟಿನ ತಾರೀಕು ಎಲ್ಲ ಹಳೆಯ ಶಿಷ್ಯನ ಹತ್ತಿರ. ಗೋರೆಗಾಂವ್‌ಗೆ ಮಾಸ್ಟ್ರು ಒಬ್ಬರೇ ಬರುವುದಿಲ್ಲ. ಡೊಂಬಿವಲಿಯಿಂದಲೇ ಬರುವ ಇಬ್ಬರು ಹುಡುಗರು ಜೊತೆಗಿರುತ್ತಾರೆ. ಆ ಭಾನುವಾರ ಚೀಟಿಯಲ್ಲಿದ್ದ ನಾಲ್ಕನೇ ಸಾಲು ಹುಡುಗರಿಗೆ ಹೇಳಿದ್ದಾಗಿತ್ತು: “ನಾನು ಯಾರು ಹೇಳಿ ನೋಡುವಾ ಅಂತ ನನ್ನನ್ನು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ.” ಹೋದ ತಿಂಗಳು ನೋಡಿದೆ. ಪ್ರತಿಯೊಬ್ಬನೂ ಮೈದಾನಕ್ಕೆ ಬಂದವನೇ ಹೆಸರು ಹೇಳಿ, ಕಾಲು ಮುಟ್ಟಿ, ಆಮೇಲೆ ಗೆರೆ ದಾಟುತ್ತಾನೆ.