ಒಂದಕ್ಕೆ ಒಂದು: ಮ್ಯಾಕ್ರೋ ಛಾಯಾಗ್ರಹಣದಲ್ಲಿ ವರ್ಧನೆಯ ಲೆಕ್ಕ

ಮಲೆನಾಡಿನ ತೋಟಗಳಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯ ಉದ್ದ 8 ಮಿ.ಮೀ. ಎಂದಿಟ್ಟುಕೊಳ್ಳೋಣ. ಅದರ ಚಿತ್ರ ಕಂಪ್ಯೂಟರ್ ಪರದೆಯ ಮೇಲೆ 16 ಸೆಂ.ಮೀ. ಉದ್ದ ಕಂಡರೆ ವರ್ಧನೆ 20 ಪಟ್ಟು ಎಂದು ಹೇಳುವವರಿದ್ದಾರೆ. ಛಾಯಾಗ್ರಾಹಕರ ಲೆಕ್ಕವೇ ಬೇರೆ. ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕವಾದ ಸೆನ್ಸರ್ ಮೇಲೆ ಲೆನ್ಸ್ ಮೂಡಿಸುವ ಬಿಂಬದ ಉದ್ದವನ್ನು ವಸ್ತುವಿನ ನಿಜವಾದ ಉದ್ದದಿಂದ ಭಾಗಿಸಿದರೆ ಸಿಗುವುದೇ ವರ್ಧನೆ. ಸೆನ್ಸರ್ ಮೇಲಿನ ಬಿಂಬವೂ 8 ಮಿ.ಮೀ. ಇದ್ದರೆ ಅದು 1:1. ನಿಜವಾದ ಮ್ಯಾಕ್ರೋ, ಅಂದರೆ ಅತಿ ಸಮೀಪದ ಛಾಯಾಗ್ರಹಣ, ಇಲ್ಲಿಂದಲೇ ಆರಂಭ ಎಂಬುದು ಹಳೆಯ ವಾಡಿಕೆ. 1:4ಕ್ಕೇ ನಿಲ್ಲುವ ಜೂಮ್ ಲೆನ್ಸ್‌ಗಳ ಮೇಲೂ ‘ಮ್ಯಾಕ್ರೋ’ ಎಂದು ಅಚ್ಚೊತ್ತುವುದು ಮಾರಾಟದ ಜಾಣತನವಷ್ಟೆ.

ಸೆನ್ಸರ್ ಚಿಕ್ಕದಾದರೆ ವರ್ಧನೆ ಹೆಚ್ಚುತ್ತದೆ ಎಂಬ ಮಾತೂ ಸರಿಯಲ್ಲ. 36 ಮಿ.ಮೀ. ಅಗಲದ ಫುಲ್-ಫ್ರೇಮ್ ಸೆನ್ಸರ್ ಮೇಲಾಗಲಿ, 23.5 ಮಿ.ಮೀ. ಅಗಲದ ಎಪಿಎಸ್-ಸಿ ಸೆನ್ಸರ್ ಮೇಲಾಗಲಿ, 1:1ರಲ್ಲಿ ಇರುವೆಯ ಬಿಂಬ 8 ಮಿ.ಮೀ.ಗಳೇ. ಮೊದಲನೆಯದರಲ್ಲಿ ಅದು ಚೌಕಟ್ಟಿನ ಕಾಲು ಭಾಗಕ್ಕಿಂತ ಕಡಿಮೆ ಜಾಗವನ್ನೂ ಎರಡನೆಯದರಲ್ಲಿ ಮೂರನೇ ಒಂದು ಭಾಗವನ್ನೂ ಆವರಿಸುತ್ತದೆ. ಆದರೂ ಎರಡೂ 24 ಮೆಗಾಪಿಕ್ಸೆಲ್‌ನವಾಗಿದ್ದರೆ ಚಿಕ್ಕ ಸೆನ್ಸರ್‌ನ ಪಿಕ್ಸೆಲ್‌ಗಳು ಒತ್ತೊತ್ತಾಗಿರುವುದರಿಂದ ಇರುವೆಯ ಉದ್ದಕ್ಕೆ ಸುಮಾರು 1,300ರ ಬದಲು 2,000 ಪಿಕ್ಸೆಲ್‌ಗಳು ದಕ್ಕುತ್ತವೆ. ಕೀಟಗಳ ಚಿತ್ರ ತೆಗೆಯುವವರಿಗೆ ಇದು ಸಣ್ಣ ಲಾಭವಲ್ಲ.

ವರ್ಧನೆಯನ್ನು ಹೆಚ್ಚಿಸುವ ಅಗ್ಗದ ದಾರಿಯೆಂದರೆ ಲೆನ್ಸನ್ನು ಸೆನ್ಸರ್‌ನಿಂದ ದೂರ ಸರಿಸುವುದು. ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಕೊಳವೆಯ ಕೆಲಸ ಇಷ್ಟೇ, ಅದರೊಳಗೆ ಗಾಜಿಲ್ಲ. ಅನಂತ ದೂರಕ್ಕೆ ಫೋಕಸ್ ಮಾಡಿದ 50 ಮಿ.ಮೀ. ಲೆನ್ಸನ್ನು 25 ಮಿ.ಮೀ. ಮುಂದಕ್ಕೆ ಸರಿಸಿದರೆ 1:2, ಇನ್ನೂ 25 ಮಿ.ಮೀ. ಸರಿಸಿದರೆ 1:1 ಸಿಗುತ್ತದೆ. ಇದಕ್ಕೆ ಬೆಳಕಿನ ರೂಪದಲ್ಲಿ ಬೆಲೆ ತೆರಬೇಕು: 1:1ರಲ್ಲಿ ಲೆನ್ಸ್‌ನಿಂದ ಬಿಂಬಕ್ಕಿರುವ ದೂರ ಇಮ್ಮಡಿಯಾಗುವುದರಿಂದ ಅದೇ ಬೆಳಕು ನಾಲ್ಕು ಪಟ್ಟು ವಿಸ್ತಾರಕ್ಕೆ ಹರಡುತ್ತದೆ, ಎಫ್/8 ಎಂದು ಇಟ್ಟ ದ್ಯುತಿರಂಧ್ರ (ಲೆನ್ಸ್‌ನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್/16ರಂತೆ ವರ್ತಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಸ್ಪಷ್ಟತೆಯ ಆಳದ್ದು. ಫುಲ್-ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟು 1:1ರಲ್ಲಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 1 ಮಿ.ಮೀ.; 2:1ಕ್ಕೆ ಏರಿದರೆ ಅದು ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಇರುವೆಯ ಕಣ್ಣು ಸ್ಪಷ್ಟವಾದರೆ ಮೀಸೆಯ ತುದಿ ಮಸುಕು. ದ್ಯುತಿರಂಧ್ರವನ್ನು ಕಿರಿದಾಗಿಸಿ ಆಳವನ್ನು ಗಳಿಸೋಣವೆಂದರೆ, ಒಂದು ಮಿತಿಯ ನಂತರ ವಿವರ್ತನೆಯಿಂದಾಗಿ, ಅಂದರೆ ಕಿರಿದಾದ ಕಿಂಡಿಯಲ್ಲಿ ಹಾಯುವ ಬೆಳಕು ಬಾಗಿ ಹರಡುವುದರಿಂದ, ಇಡೀ ಚಿತ್ರವೇ ಮೃದುವಾಗುತ್ತದೆ. ಆದ್ದರಿಂದಲೇ ಹೆಚ್ಚಿನ ವರ್ಧನೆಯಲ್ಲಿ ಕೆಲಸ ಮಾಡುವವರು ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹಲವು ಚಿತ್ರಗಳನ್ನು ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನಷ್ಟೇ ಕಂಪ್ಯೂಟರಿನಲ್ಲಿ ಒಂದುಗೂಡಿಸುತ್ತಾರೆ. ಅಲುಗಾಡುವ ಜೀವಿಯ ಮುಂದೆ ಈ ಉಪಾಯ ಹೆಚ್ಚು ನಡೆಯದು.

ನಿಮ್ಮ ಲೆನ್ಸ್‌ನ ವರ್ಧನೆಯನ್ನು ತಿಳಿಯಲು ಅದು ಫೋಕಸ್ ಮಾಡಬಲ್ಲ ಅತಿ ಸಮೀಪದಿಂದ ಶಾಲೆಯ ಅಳತೆಪಟ್ಟಿಯೊಂದರ ಚಿತ್ರ ತೆಗೆದರೆ ಸಾಕು. ಚೌಕಟ್ಟಿನ ಅಗಲದಲ್ಲಿ ಎಷ್ಟು ಮಿ.ಮೀ. ಕಾಣುತ್ತದೆಯೋ ಅದರಿಂದ ಸೆನ್ಸರ್‌ನ ಅಗಲವನ್ನು ಭಾಗಿಸಿ. 36 ಮಿ.ಮೀ. ಸೆನ್ಸರ್‌ನಲ್ಲಿ 72 ಮಿ.ಮೀ. ಕಂಡರೆ ನಿಮ್ಮ ವರ್ಧನೆ 1:2, 18 ಮಿ.ಮೀ. ಮಾತ್ರ ಕಂಡರೆ 2:1.