ಓದುವ ಯಂತ್ರಕ್ಕೆ ಅನುಮಾನಪಡಲು ಕಲಿಸುವುದು

ವೆಬ್ ಪುಟ ಓದಿ ಸಂಗತಿ ಹೆಕ್ಕುವ ಪ್ರೋಗ್ರಾಂ ಬರೆಯುವುದು ಅಂಥ ಕಷ್ಟವಲ್ಲ. ಹೆಕ್ಕಿದ್ದರಲ್ಲಿ ಯಾವುದನ್ನು ನಂಬಬಾರದು ಎಂದು ಅದಕ್ಕೆ ತಿಳಿಸುವುದೇ ಕಷ್ಟ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರ ಜನವರಿಯಲ್ಲಿ ಶುರು ಮಾಡಿದ ‘ನೆಲ್’ (NELL, ನಿಲ್ಲದೆ ವೆಬ್ ಓದಿ ಕಲಿಯುವ ಪ್ರೋಗ್ರಾಂ) ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮುಂದಿದ್ದದ್ದು ಸುಮಾರು 50 ಕೋಟಿ ಪುಟಗಳ ಸಂಗ್ರಹ.

ನಗರ, ಕಂಪನಿ, ತರಕಾರಿ ಹೀಗೆ ಪ್ರತಿ ವರ್ಗಕ್ಕೂ 10ರಿಂದ 15 ಹೆಸರು ಕೊಟ್ಟರು. ಆ ಹೆಸರುಗಳ ಆಚೀಚೆ ಪದೇ ಪದೇ ಬರುವ ಮಾತೇ ಪ್ಯಾಟರ್ನ್. ಕನ್ನಡದಲ್ಲಾದರೆ ‘ಕಾವೇರಿ, ಶರಾವತಿ ಮುಂತಾದ ನದಿಗಳು’ ಎಂಬಲ್ಲಿ ‘ಮುಂತಾದ ನದಿಗಳು’ ಎಂಬ ಭಾಗ. ಅದರ ಹಿಂದೆ ಇನ್ನೊಂದು ಕಡೆ ‘ನೇತ್ರಾವತಿ’ ಸಿಕ್ಕರೆ ಅದನ್ನೂ ನದಿಗಳ ಪಟ್ಟಿಗೆ ಸೇರಿಸು, ನೇತ್ರಾವತಿಯ ಆಚೀಚೆ ಹೊಸ ಪ್ಯಾಟರ್ನ್ ಹುಡುಕು, ಮತ್ತೆ ಮೊದಲಿನಿಂದ.

ಎಡವಟ್ಟಾಗುವುದು ಈ ಸುತ್ತಿನಲ್ಲೇ. ಕುಕೀಸ್ ಎಂದರೆ ಬಿಸ್ಕತ್ತು; ವೆಬ್ ತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಮಾಹಿತಿ ತುಣುಕಿಗೂ ಅದೇ ಹೆಸರು. ಹಾಗಾಗಿ ‘ಇಂಟರ್ನೆಟ್ ಕುಕೀಸ್’ ನೆಲ್‌ನ ಬೇಕರಿ ತಿನಿಸುಗಳ ಪಟ್ಟಿಗೆ ನುಸುಳಿತು. ಜನ ಕುಕೀಸ್ ಡಿಲೀಟ್ ಮಾಡಿದೆವು ಎಂದು ಬರೆಯುತ್ತಾರೆ, ಫೈಲ್ ಡಿಲೀಟ್ ಮಾಡಿದೆವು ಎಂದೂ ಬರೆಯುತ್ತಾರೆ. ಹಾಗಾಗಿ ಕಂಪ್ಯೂಟರ್ ಫೈಲ್ ಕೂಡ ಬೇಕರಿ ತಿನಿಸಾಯಿತು! ಒಮ್ಮೆ ಒಳಹೊಕ್ಕ ತಪ್ಪೇ ಮುಂದಿನ ಸುತ್ತಿಗೆ ಮೇಷ್ಟ್ರು.

ಇದಕ್ಕೆ ತಡೆ ಹಾಕಲು ವರ್ಗಗಳನ್ನು ಒಂದಕ್ಕೊಂದು ಕಟ್ಟಬೇಕು. ನಗರವಾದದ್ದು ತರಕಾರಿಯಾಗದು, ‘ಇಂಥ ಕಂಪನಿಯ ಕೇಂದ್ರ ಕಚೇರಿ ಇಂಥಲ್ಲಿದೆ’ ಎಂಬ ಸಂಬಂಧದಲ್ಲಿ ಎರಡನೆಯದು ಊರೇ ಆಗಿರಬೇಕು. ಜೊತೆಗೆ ಸಾಕ್ಷಿಗಳು ಬೇರೆ ಬೇರೆ ಥರದವಾಗಿರಲಿ. ನೆಲ್‌ನಲ್ಲಿ ಒಂದು ಭಾಗ ವಾಕ್ಯ ನೋಡುತ್ತಿತ್ತು, ಇನ್ನೊಂದು ಪುಟದೊಳಗಿನ ಪಟ್ಟಿ ಮತ್ತು ಕೋಷ್ಟಕ, ಮತ್ತೊಂದು ಪದದ ರೂಪ. ಯಾವುದಾದರೂ ಒಂದು ಭಾಗ 0.9ಕ್ಕಿಂತ ಹೆಚ್ಚು (1 ಎಂದರೆ ಪೂರ್ತಿ ಖಚಿತ) ಖಚಿತವಾಗಿ ಹೇಳಿದರೆ, ಇಲ್ಲವೇ ಹಲವು ಭಾಗಗಳು ಒಂದೇ ಮಾತು ಹೇಳಿದರೆ ಮಾತ್ರ ಸಂಗತಿಗೆ ಪ್ರವೇಶ.

ಇಷ್ಟು ಕಾವಲಿದ್ದರೂ 67 ದಿನಗಳಲ್ಲಿ ಸೇರಿದ 2,42,453 ಸಂಗತಿಗಳಲ್ಲಿ ಸರಿಯಿದ್ದದ್ದು ಅಂದಾಜು 74%. ಈ ಸರಾಸರಿಯನ್ನು ನೋಡಿ ಸಮಾಧಾನ ಪಡಬೇಡಿ. ಅವಧಿಯನ್ನು ಮೂರು ಪಾಲು ಮಾಡಿ ಅಳೆದಾಗ ಸಿಕ್ಕದ್ದು 90, 71, 57%. ಸುಲಭದ ಹೆಸರುಗಳು ಮೊದಲೇ ಮುಗಿದುಹೋಗುತ್ತವೆ, ತಪ್ಪುಗಳು ಮಾತ್ರ ಕೂಡುತ್ತ ಹೋಗುತ್ತವೆ.

ಕನ್ನಡ ಪುಟಗಳ ಮೇಲೆ ಇದನ್ನು ಮಾಡುವವರು ಮೊದಲು ವಿಭಕ್ತಿ ಕಳಚಬೇಕು. ಇಲ್ಲದಿದ್ದರೆ ಮೈಸೂರಿಗೆ, ಮೈಸೂರಿನಲ್ಲಿ, ಮೈಸೂರಿನಿಂದ ಮೂರು ಬೇರೆ ಹೆಸರುಗಳಾಗಿ ಒಂದೊಂದಕ್ಕೂ ಸಾಕ್ಷಿ ಸಾಲದಾಗುತ್ತದೆ. ಒಂದೇ ಸುದ್ದಿ ಹತ್ತು ತಾಣಗಳಲ್ಲಿ ನಕಲಾಗಿರುತ್ತದೆ. ಅಕ್ಷರಶಃ ಒಂದೇ ಆದ ವಾಕ್ಯವನ್ನು ಒಮ್ಮೆ ಮಾತ್ರ ಎಣಿಸಿ. ‘ಕಾವೇರಿ’ ನದಿಯೂ ಹೌದು, ಹೆಣ್ಣಿನ ಹೆಸರೂ ಹೌದು. ನದಿ ಮನುಷ್ಯನಾಗದು ಎಂಬ ನಿಯಮ ಇಲ್ಲಿ ಸರಿಯಾದದ್ದನ್ನೂ ತಳ್ಳಿಹಾಕುತ್ತದೆ. ಆದ್ದರಿಂದ ನಿಯಮ ಹಾಕಬೇಕಾದದ್ದು ಅಕ್ಷರಗಳ ಮೇಲಲ್ಲ, ಅರ್ಥದ ಮೇಲೆ.

ಪ್ರತಿ ಸುತ್ತಿನಲ್ಲೂ ವರ್ಗಕ್ಕೆ 50–100 ಹೊಸ ಸಂಗತಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಮನುಷ್ಯರೇ ಪರೀಕ್ಷಿಸಲಿ. ತಪ್ಪು ಹೆಸರು ಸಿಕ್ಕರೆ ಅದನ್ನಷ್ಟೇ ಅಳಿಸಿ ಸುಮ್ಮನಾಗಬೇಡಿ. ಅದನ್ನು ತಂದ ಪ್ಯಾಟರ್ನ್ ಹುಡುಕಿ ಕಿತ್ತುಹಾಕಿ, ಆ ಪ್ಯಾಟರ್ನ್ ಒಂದರಿಂದಲೇ ಒಳಬಂದ ಉಳಿದ ಹೆಸರುಗಳನ್ನೂ ಹೊರಗಿಡಿ.