ಗಂಟು ಕಟ್ಟಿ ಕಳಿಸಿದರೆ ವರ್ಚುವಲ್ ಮಷೀನ್ ಚುರುಕಾಗುತ್ತದಾ?

ಪ್ರಶ್ನೆ: ನಮ್ಮ ಗಾರ್ಮೆಂಟ್ ಆಫೀಸಿನಲ್ಲಿ ಒಂದೇ ಸರ್ವರ್ ಮೇಲೆ ಮೂರು ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಓಡುತ್ತವೆ. ಅವನ್ನು ನಡೆಸಲು ಲಿನಕ್ಸ್‌ನ ಕೆವಿಎಂ ಬಳಸುತ್ತೇವೆ. ಒಳಗೆ ನೋಡಿದರೆ ಸಿಪಿಯು ಖಾಲಿ ಇದೆ, ಕೆಲಸ ಮಾತ್ರ ಆಮೆಯ ಹಾಗೆ. ಹೈಪರ್‌ಕಾಲ್‌ಗಳನ್ನು ಬ್ಯಾಚ್ ಮಾಡಿದರೆ ಸರಿಹೋಗುತ್ತದೆ ಅಂತ ಗೆಳೆಯ ಹೇಳಿದ. ಹಾಗಂದರೆ ಏನು? ನಾನೇ ಮಾಡಬಹುದಾ? (ಓದುಗರು, ಬಳ್ಳಾರಿ)

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಇದು ನೀವು ಕೈಯಾರೆ ಮಾಡುವ ಕೆಲಸವಲ್ಲ. ಗೆಸ್ಟ್‌ನ, ಅಂದರೆ ವರ್ಚುವಲ್ ಮಷೀನ್ ಒಳಗಿನ ಸಿಸ್ಟಂನ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮತ್ತು ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂಗಳು) ಮಾಡುವ ಕೆಲಸ. ಆದರೆ ಅವು ಹಾಗೆ ಮಾಡುವುದಕ್ಕೆ ದಾರಿ ಬಿಡುವುದು ನಿಮ್ಮ ಕೈಯಲ್ಲಿದೆ. ಇನ್ನು ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಯಾಕೆ ಅರ್ಧ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ನೀವು ಗಾರ್ಮೆಂಟ್‌ನವರು, ಹಾಗಾಗಿ ಉದಾಹರಣೆ ಹುಡುಕುವ ಕಷ್ಟ ಇಲ್ಲ. ಇಲ್ಲಿ ಜೀನ್ಸ್ ಹೊಲಿಯುವುದು ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ. ನಮ್ಮ ಭಾವನ ಯೂನಿಟ್‌ಗೆ ಒಮ್ಮೆ ಹೊಸ ಹುಡುಗ ಸೇರಿದ್ದ. ಭಾರಿ ಚುರುಕು. ಒಂದು ಡಜನ್ ಪ್ಯಾಂಟ್ ಮುಗಿದ ಕೂಡಲೇ ಆಟೋ ಕರೆದು ವಾಷಿಂಗ್‌ಗೆ ಕಳಿಸಿಬಿಡುತ್ತಿದ್ದ. ಆಟೋ ಬಾಡಿಗೆ, ಚಲನ್, ಗೇಟಿನಲ್ಲಿ ಎಂಟ್ರಿ, ಅಲ್ಲಿ ಮತ್ತೆ ಪೀಸ್ ಎಣಿಕೆ. ಹನ್ನೆರಡು ಪೀಸಿಗೂ ಅಷ್ಟೇ, ಇನ್ನೂರು ಪೀಸಿಗೂ ಹೆಚ್ಚುಕಮ್ಮಿ ಅಷ್ಟೇ. ವಾರದ ಕೊನೆಗೆ ಆಟೋ ಲೆಕ್ಕ ನೋಡಿ ಭಾವ ತಲೆ ಮೇಲೆ ಕೈ ಇಟ್ಟುಕೊಂಡರು.

ವರ್ಚುವಲ್ ಮಷೀನ್‌ನಲ್ಲೂ ಗೇಟು ದಾಟುವ ಖರ್ಚು ಹೀಗೆಯೇ ಬೀಳುತ್ತದೆ. ಗೆಸ್ಟ್‌ಗೆ ತನ್ನ ಕೈಲಾಗದ ಕೆಲಸ ಬಂದರೆ ಹೈಪರ್‌ವೈಸರ್‌ನ, ಅಂದರೆ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಸಾಫ್ಟ್‌ವೇರ್‌ನ (ನಿಮ್ಮಲ್ಲಿ ಕೆವಿಎಂ), ಬಾಗಿಲು ತಟ್ಟಬೇಕು. ಬೇಕೆಂದೇ ಹೀಗೆ ತಟ್ಟಿದರೆ ಅದು ಹೈಪರ್‌ಕಾಲ್. ಪ್ರೊಸೆಸರ್ ಗೆಸ್ಟ್‌ನಿಂದ ಹೊರಬಿದ್ದು ಹೈಪರ್‌ವೈಸರ್ ಕಡೆಗೆ ಹೋಗುವುದಕ್ಕೆ ಎಕ್ಸಿಟ್ ಅನ್ನುತ್ತಾರೆ. ಗೆಸ್ಟ್ ನಿಲ್ಲಬೇಕು, ಅದರ ಸ್ಥಿತಿಯನ್ನು ಎತ್ತಿಡಬೇಕು, ಏಕೆ ಬಂತು ಅಂತ ನೋಡಬೇಕು, ಕೆಲಸ ಮುಗಿಸಿ ವಾಪಸ್ ಕಳಿಸಬೇಕು. ಇಂದಿನ ಯಂತ್ರಗಳಲ್ಲಿ ಒಂದು ಸಲ ಹೋಗಿಬರಲು ಸಾವಿರ, ಸಾವಿರಕ್ಕಿಂತ ಜಾಸ್ತಿ ಸೈಕಲ್ (ಪ್ರೊಸೆಸರ್‌ನ ಒಂದೊಂದು ಮಿಡಿತ) ಬೇಕು. 1,500 ಅಂತ ಹಿಡಿಯಿರಿ. 3 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಅದು ಅರ್ಧ ಮೈಕ್ರೊಸೆಕೆಂಡ್. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಸೆಕೆಂಡಿಗೆ ಒಂದು ಲಕ್ಷ ಸಲ ಹೋಗಿಬಂದರೆ 15 ಕೋಟಿ ಸೈಕಲ್. ಒಂದು ಕೋರ್‌ನ ನೂರಕ್ಕೆ ಐದು ಪಾಲು ಬರೀ ಓಡಾಟಕ್ಕೇ ಹೋಯಿತು. ಪ್ರೊಸೆಸರ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಸಣ್ಣ ಮೆಮೊರಿ, ಅಂದರೆ ಕ್ಯಾಶ್, ಕದಡುವ ನಷ್ಟ ಬೇರೆ.

ಬ್ಯಾಚ್ ಮಾಡುವುದು ಅಂದರೆ ಹಲವು ಕರೆಗಳನ್ನು ಒಂದು ಗಂಟು ಕಟ್ಟಿ ಒಂದೇ ಸಲ ಕಳಿಸುವುದು. ಈ ಗಂಟು ಕಟ್ಟುವ ಉಪಾಯ ಹೊಸದೇನಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2003ರಲ್ಲಿ ಜೆನ್ ಹೈಪರ್‌ವೈಸರ್ ಬಗ್ಗೆ ಪ್ರಬಂಧ ಮಂಡಿಸಿದಾಗಲೇ ಇದು ಅದರಲ್ಲಿತ್ತು. ಆಗ ಪ್ರೊಸೆಸರ್‌ನಿಂದ ವರ್ಚುವಲೈಸೇಶನ್‌ಗೆ ನೆರವು ಸಿಗುತ್ತಿರಲಿಲ್ಲ. ಗೆಸ್ಟ್ ತನ್ನ ಪೇಜ್ ಟೇಬಲ್‌ನಲ್ಲಿ (ಮೆಮೊರಿಯ ಯಾವ ತುಂಡು ಎಲ್ಲಿದೆ ಅನ್ನುವ ದಾಖಲೆ) ತಾನೇ ಬರೆಯುವ ಹಾಗಿರಲಿಲ್ಲ. ಬೇರೆಯವರ ಮೆಮೊರಿಗೆ ಕೈ ಹಾಕಿಬಿಟ್ಟರೆ? ಹಾಗಾಗಿ ಪ್ರತಿ ಬದಲಾವಣೆಯನ್ನೂ ಜೆನ್ ತಪಾಸಣೆ ಮಾಡಬೇಕಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ವಿಷಯದ ತಿರುಳು ಇದರಲ್ಲೇ ಇದೆ. 100 ಎಂಬಿ ಮೆಮೊರಿ ಹಿಡಿದ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಒಂದು ಪೇಜ್ (ಮೆಮೊರಿಯ ಒಂದು ತುಂಡು) 4 ಕೆಬಿ, ಅಂದರೆ 25,600 ಪೇಜ್. ಆ ಪ್ರೋಗ್ರಾಂನ ಇನ್ನೊಂದು ಪ್ರತಿ ಹುಟ್ಟಿಸುವಾಗ ಅಷ್ಟೂ ಪೇಜ್‌ಗಳ ದಾಖಲೆ ಮುಟ್ಟಬೇಕಾಗಬಹುದು. ಒಂದೊಂದಕ್ಕೂ ಬಾಗಿಲು ತಟ್ಟಿದರೆ 25,600 ಓಡಾಟ. ಜೆನ್ ಇದಕ್ಕೆ ಮಲ್ಟಿಕಾಲ್ ಅನ್ನುವ ದಾರಿ ಕೊಟ್ಟಿತು: ಮಾಡಬೇಕಾದ ಕರೆಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಒಂದೇ ಸಲ ಒಳಗೆ ಹೋಗುವುದು. ಲಿನಕ್ಸ್‌ನ ಜೆನ್ ಕೋಡ್‌ನಲ್ಲಿ ಒಂದು ಗಂಟಿಗೆ 32 ಕರೆಗಳ ಜಾಗ ಇದೆ. ಹಾಗೆ ಕಟ್ಟಿದರೆ ಓಡಾಟ 800ಕ್ಕೆ ಇಳಿಯುತ್ತದೆ. ತಪಾಸಣೆಯ ಕೆಲಸ ಒಂದು ಚೂರೂ ಕಮ್ಮಿ ಆಗಲಿಲ್ಲ ನೋಡಿ. ಕಮ್ಮಿ ಆದದ್ದು ಆಟೋ ಬಾಡಿಗೆ ಮಾತ್ರ.

ಹಾಗಾದರೆ ಎಲ್ಲವನ್ನೂ ಗಂಟು ಕಟ್ಟಿಬಿಡಬಹುದಲ್ಲ? ಇಲ್ಲ. ಉತ್ತರ ಈಗಲೇ ಬೇಕಾದ ಕರೆಯನ್ನು ಗಂಟಿನಲ್ಲಿ ಹಾಕಿ ಕೂರುವಂತಿಲ್ಲ. ವ್ಯಾಪಾರಿ ಅಂಗಡಿಯಲ್ಲಿ ಕೂತು ಸ್ಯಾಂಪಲ್ ಪೀಸಿಗೆ ಕಾಯುತ್ತಿದ್ದರೆ ಲೋಡ್ ತುಂಬಲಿ ಅಂತ ಕಾಯುತ್ತೀರಾ? ಅದೊಂದೇ ಪೀಸನ್ನು ಬೈಕಿನಲ್ಲಿ ಕಳಿಸುತ್ತೀರಿ. ಇನ್ನೊಂದು ತೊಡಕೂ ಇದೆ. ಗಂಟಿನಲ್ಲಿರುವ ಬದಲಾವಣೆ ಇನ್ನೂ ಜಾರಿಗೆ ಬಂದಿಲ್ಲ. ಬಂದಿದೆ ಅಂದುಕೊಂಡು ಕರ್ನಲ್ ಮುಂದೆ ಹೋದರೆ ಹಳೆಯ ದಾಖಲೆಯನ್ನೇ ಓದಿ ಮುಗ್ಗರಿಸುತ್ತದೆ. ಅದಕ್ಕೇ ಲಿನಕ್ಸ್‌ನಲ್ಲಿ 'ಲೇಜಿ ಮೋಡ್' ಇದೆ. ಇಲ್ಲಿಂದ ಇಲ್ಲಿವರೆಗೆ ತಡವಾದರೂ ನಡೆಯುತ್ತದೆ ಅಂತ ಕರ್ನಲ್ ಗೆರೆ ಎಳೆಯುತ್ತದೆ. ಗೆರೆ ದಾಟುವ ಮೊದಲು ಗಂಟು ಖಾಲಿ ಆಗಲೇಬೇಕು. ಸೋಮಾರಿತನಕ್ಕೂ ಗಡಿ ಹಾಕಿದ್ದಾರೆ, ನನಗಂತೂ ಈ ಹೆಸರು ಬಹಳ ಇಷ್ಟ.

ಗಂಟು ತೀರಾ ದೊಡ್ಡದಾದರೂ ಕಷ್ಟ. ಹೈಪರ್‌ವೈಸರ್ ಒಬ್ಬರ ಗಂಟು ಬಿಚ್ಚುತ್ತಾ ಕೂತರೆ ಉಳಿದವರು ಕಾಯಬೇಕು. ಮೈಕ್ರೋಸಾಫ್ಟ್‌ನ ಹೈಪರ್-ವಿ ಒಂದೇ ಬಗೆಯ ಕೆಲಸಗಳ ಸಾಲನ್ನು ಒಂದೇ ಕರೆಯಲ್ಲಿ ತೆಗೆದುಕೊಳ್ಳುತ್ತದೆ. ಆದರೆ 50 ಮೈಕ್ರೊಸೆಕೆಂಡ್ ಒಳಗೆ ಗೆಸ್ಟ್‌ಗೆ ವಾಪಸ್ ಬರಲು ನೋಡುತ್ತದೆ. ಮುಗಿಯದಿದ್ದರೆ ಎಲ್ಲಿಗೆ ನಿಂತಿತೋ ಅಲ್ಲಿಂದ ಮುಂದುವರಿಸುತ್ತದೆ.

ಈಗ ನಿಮ್ಮ ಸರ್ವರ್‌ಗೆ ಬರೋಣ. ಮೇಲೆ ಹೇಳಿದ ಪೇಜ್ ಟೇಬಲ್ ಗೋಳು ನಿಮಗೆ ಬಹುಶಃ ಇಲ್ಲ. ಇಂಟೆಲ್‌ನವರು 2008ರ ನೆಹಾಲೆಮ್ ಪೀಳಿಗೆಯಿಂದ ಇಪಿಟಿ ಅನ್ನುವ ಸೌಲಭ್ಯ ಕೊಟ್ಟರು. ಎಎಂಡಿಯವರು ಅದಕ್ಕೂ ಸ್ವಲ್ಪ ಮೊದಲೇ ಅಂಥದ್ದನ್ನು ತಂದಿದ್ದರು. ಅಲ್ಲಿಂದೀಚೆಗೆ ಗೆಸ್ಟ್ ತನ್ನ ಪೇಜ್ ಟೇಬಲ್‌ನಲ್ಲಿ ತಾನೇ ಬರೆಯುತ್ತದೆ, ಕಾವಲು ಪ್ರೊಸೆಸರ್‌ನದು. ಕೆವಿಎಂನಲ್ಲೂ ಪೇಜ್ ಟೇಬಲ್‌ಗೆಂದು ಗಂಟು ಕಟ್ಟುವ ಹೈಪರ್‌ಕಾಲ್ ಒಂದಿತ್ತು. ಇದು ಬಂದ ಮೇಲೆ ಅದನ್ನು ತೆಗೆದೇ ಹಾಕಿದರು.

ಉಳಿದಿರುವ ಓಡಾಟ ಮುಖ್ಯವಾಗಿ ನೆಟ್‌ವರ್ಕ್ ಮತ್ತು ಡಿಸ್ಕ್‌ನದು. ಇಲ್ಲಿ ಗಂಟು ಕಟ್ಟುವುದು ವರ್ಟಿಯೋ, ಅಂದರೆ ವರ್ಚುವಲ್ ಮಷೀನ್‌ಗೆಂದೇ ಮಾಡಿದ ಡ್ರೈವರ್ ವ್ಯವಸ್ಥೆ. ಗೆಸ್ಟ್ ಮತ್ತು ಹೋಸ್ಟ್ (ಅದನ್ನು ಹೊತ್ತ ನಿಜವಾದ ಸರ್ವರ್) ನಡುವೆ ಹಂಚಿಕೊಂಡ ಮೆಮೊರಿಯಲ್ಲಿ ಒಂದು ಸರತಿ ಇರುತ್ತದೆ. ಗೆಸ್ಟ್ ಅದರಲ್ಲಿ ಕೆಲಸ ಜೋಡಿಸಿ ಒಮ್ಮೆ ಬಾಗಿಲು ತಟ್ಟುತ್ತದೆ. ಹೋಸ್ಟ್ ಆಗಲೇ ಸರತಿ ಖಾಲಿ ಮಾಡುತ್ತಿದ್ದರೆ ತಟ್ಟುವುದೂ ಬೇಡ. 2014ರ ಕೊನೆಯಲ್ಲಿ ಬಂದ ಲಿನಕ್ಸ್ 3.18ರಿಂದ 'ಹಿಂದೆ ಇನ್ನೂ ಪ್ಯಾಕೆಟ್ ಬರುತ್ತಿದೆ, ತಡಿ' ಅಂತ ಕರ್ನಲ್ ಡ್ರೈವರ್‌ಗೆ ಹೇಳುವ ವ್ಯವಸ್ಥೆಯೂ ಇದೆ.

ಹಾಗಾಗಿ ಮೊದಲು ವರ್ಚುವಲ್ ಮಷೀನ್‌ನ ಸೆಟ್ಟಿಂಗ್ ತೆರೆದು ನೆಟ್‌ವರ್ಕ್ ಕಾರ್ಡಿನ ಮಾದರಿ ನೋಡಿ. ಇ1000 ಅಂತಲೋ, ಡಿಸ್ಕ್‌ಗೆ ಐಡಿಇ ಅಂತಲೋ ಇದ್ದರೆ ನೀವು ನಮ್ಮ ಭಾವನ ಯೂನಿಟ್‌ನ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡ ಹಾಗೆಯೇ. ಅವು ನಿಜವಾದ ಹಾರ್ಡ್‌ವೇರ್‌ನ ನಕಲು. ಅವುಗಳ ರಿಜಿಸ್ಟರ್ (ಕಾರ್ಡಿಗೆ ಆಜ್ಞೆ ಕೊಡುವ ಜಾಗ) ಮುಟ್ಟಿದಾಗಲೆಲ್ಲ ಎಕ್ಸಿಟ್. ವರ್ಟಿಯೋಗೆ ಬದಲಾಯಿಸಿ. ಲಿನಕ್ಸ್ ಗೆಸ್ಟ್‌ನಲ್ಲಿ ಡ್ರೈವರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಿಂಡೋಸ್ ಗೆಸ್ಟ್‌ಗೆ ಬೇರೆಯಾಗಿ ಹಾಕಬೇಕು. ಡಿಸ್ಕ್ ಮಾದರಿ ಬದಲಿಸುವ ಮೊದಲು ಹಾಕಿ, ಇಲ್ಲದಿದ್ದರೆ ಅದು ಬೂಟ್ ಆಗುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನವಿಡೀ ಕಳೆದುಕೊಂಡು ಕಲಿತ ಪಾಠ ಇದು.

ಇನ್ನು ಆ ಉಳಿದ ಅರ್ಧ. ಸಿಪಿಯು ಖಾಲಿ ಇದೆ ಅಂದಿರಿ. ಎಕ್ಸಿಟ್‌ಗಳ ಓಡಾಟವೇ ಮುಖ್ಯ ಕಾರಣ ಆಗಿದ್ದರೆ ಸಿಪಿಯು ದುಡಿಯುತ್ತಿರುವಂತೆ ಕಾಣಬೇಕಿತ್ತು. ಖಾಲಿ ಕಂಡರೆ ಅದು ಯಾವುದಕ್ಕೋ ಕಾಯುತ್ತಿದೆ, ಹೆಚ್ಚಾಗಿ ಡಿಸ್ಕ್‌ಗೆ. ನಿಮ್ಮ ಬಿಲ್ಲಿಂಗ್ ಅಥವಾ ಸ್ಟಾಕ್ ಪ್ರೋಗ್ರಾಂ ಒಂದೊಂದು ಸಾಲಿಗೂ ಕಮಿಟ್ ಮಾಡುತ್ತಿದೆಯಾ ಅಂತ ವಿಚಾರಿಸಿ. ಕಮಿಟ್ ಅಂದರೆ 'ಡಿಸ್ಕ್‌ಗೆ ಇಳಿಯಿತು ಅಂತ ಖಾತ್ರಿ ಆಗುವವರೆಗೆ ಕದಲಲ್ಲ' ಅಂತ ಡೇಟಾಬೇಸ್ ಪಟ್ಟು ಹಿಡಿಯುವುದು. ಅದೇ ಆ ಸ್ಯಾಂಪಲ್ ಪೀಸ್. ಅಂಥ ಕರೆಯನ್ನು ಯಾವ ಡ್ರೈವರೂ ಗಂಟಿಗೆ ಹಾಕಿ ಇಟ್ಟುಕೊಳ್ಳುವಂತಿಲ್ಲ. ತಿಂಗಳ ಕೊನೆಗೆ ಹತ್ತು ಸಾವಿರ ಸಾಲು ಇಂಪೋರ್ಟ್ ಮಾಡುತ್ತೀರಿ ಅಂದುಕೊಳ್ಳಿ. ಸಾವಿರಕ್ಕೊಂದು ಕಮಿಟ್ ಸಾಕಾಗುವ ಕಡೆ ಹತ್ತು ಸಾವಿರ ಸಲ ಕಾಯುತ್ತೀರಿ. ಇಲ್ಲಿ ಗಂಟು ಕಟ್ಟಬೇಕಾದವರು ಆ ಪ್ರೋಗ್ರಾಂ ಬರೆದವರು.

ಏನನ್ನಾದರೂ ಬದಲಿಸುವ ಮೊದಲು ಹೋಸ್ಟ್‌ನಲ್ಲಿ 'ಕೆವಿಎಂ ಸ್ಟ್ಯಾಟ್' (kvm_stat) ಅನ್ನುವ ಕಮಾಂಡ್ ಓಡಿಸಿ. ಸೆಕೆಂಡಿಗೆ ಎಷ್ಟು ಎಕ್ಸಿಟ್ ಅಂತ ಅದು ತೋರಿಸುತ್ತದೆ. ಇಂಪೋರ್ಟ್ ನಡೆಯುವ ಹೊತ್ತಿನ ಅಂಕಿ ಬರೆದಿಟ್ಟುಕೊಳ್ಳಿ. ಅದು ಲಕ್ಷದ ಮೇಲಿದ್ದರೆ ಮೊದಲು ಡ್ರೈವರ್ ಕಡೆ ಹೋಗಿ. ಕೆಲವೇ ಸಾವಿರ ಇದ್ದರೆ ಸುಮ್ನೆ ಹೈಪರ್‌ವೈಸರ್ ಕೆದಕಬೇಡಿ, ಪ್ರೋಗ್ರಾಂ ಮಾಡಿಕೊಟ್ಟವರಿಗೆ ಫೋನ್ ಮಾಡಿ.